ಗುಂಗುರು ಕೂದಲು ತಿದ್ದಬೇಕಾದ ತಪ್ಪಲ್ಲ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನ ಸುತ್ತಮುತ್ತಲ ಊರುಗಳಲ್ಲಿ ಗುಂಗುರು ಕೂದಲಿನ ಹೆಣ್ಣುಮಗುವಿಗೆ ಮಾತು ಬರುವ ಮೊದಲೇ ಅದರ ತಲೆಯ ಬಗ್ಗೆ ತೀರ್ಪು ಆಗಿಹೋಗಿರುತ್ತದೆ. ಎತ್ತಿಕೊಂಡವರೆಲ್ಲ ನೆತ್ತಿ ಸವರಿ ಹೇಳುವುದು ಒಂದೇ ಮಾತು: "ಇನ್ನೊಂದ್ ಸಲ ಮುಡಿ ಕೊಡ್ಸವ್ವ, ನೆಟ್ಟಗ ಬತ್ತದ." ನಂಜನಗೂಡಿನ ಕಪಿಲೆಯ ದಡದಲ್ಲೋ ಮಾದಪ್ಪನ ಬೆಟ್ಟದಲ್ಲೋ ಮುಡಿ ಕೊಟ್ಟು ಬಂದ ಮೇಲೂ ಕೂದಲು ಸುರುಳಿ ಸುರುಳಿಯಾಗಿಯೇ ಚಿಗುರಿತು ಅನ್ನಿ, ಆಮೇಲೆ ಜಿಡ್ಡುಗಟ್ಟುವಷ್ಟು ಎಣ್ಣೆ, ಹಣೆ ಎಳೆಯುವಷ್ಟು ಬಿಗಿ ಜಡೆ. ಶಾಲೆಗೆ ಹೋದರೆ ಅಕ್ಕಪಕ್ಕದವರು 'ಗುಬ್ಬಿಗೂಡು' ಅನ್ನುತ್ತಾರೆ. ಈಗಿನ ಮಕ್ಕಳು 'ಮ್ಯಾಗಿ' ಅನ್ನುತ್ತಾರೆ. ಹತ್ತನೆಯ ತರಗತಿ ದಾಟುವ ಹೊತ್ತಿಗೆ ಆ ತೀರ್ಪು ಹುಡುಗಿಗೇ ಬಾಯಿಪಾಠವಾಗಿರುತ್ತದೆ. ಹೆಣ್ಣು ನೋಡಲು ಬಂದವರು "ಹೆಣ್ಣು ಚೆಂದಾಗದ, ಕೂದ್ಲೊಂದು ನೆಟ್ಟಗಿದ್ದಿದ್ರ..." ಎಂದು ಮಾತು ಅರ್ಧಕ್ಕೆ ಬಿಟ್ಟರೆ, ಮಿಕ್ಕ ಅರ್ಧವನ್ನು ಮನೆಯವರು ಪಾರ್ಲರಿನಲ್ಲಿ ಪೂರ್ತಿ ಮಾಡುತ್ತಾರೆ. ಮದುವೆಯ ಖರ್ಚಿನ ಪಟ್ಟಿಯಲ್ಲಿ ಸೀರೆ, ಒಡವೆ, ಛತ್ರದ ಜೊತೆಗೆ ಈಗ ಕೂದಲಿನ ಸ್ಮೂತನಿಂಗ್ ಕೂಡ ಸೇರಿಕೊಂಡಿದೆ.

ನಾನು ವಿರೋಧಿಸುತ್ತಿರುವುದು ಈ ತೀರ್ಪನ್ನು. ಗುಂಗುರು ಕೂದಲೆಂದರೆ ಒಂದು ಕುಂದು, ಅದರ ಆರೈಕೆಯೆಂದರೆ ಅದನ್ನು ಕೈಲಾದಷ್ಟು ನೆಟ್ಟಗೆ ಮಾಡುವುದು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಅದನ್ನು ಯಾರೂ ನಂಬಿಕೆ ಎಂದು ಕೂಡ ಗುರುತಿಸುವುದಿಲ್ಲ. ಇದು ಪಾರ್ಲರುಗಳು ತಂದ ರೋಗ ಎಂದು ಬೈದು ಸುಮ್ಮನಾಗುವವರಿದ್ದಾರೆ. ಅವರು ನೋಡಿರುವುದು ಅರ್ಧವನ್ನಷ್ಟೇ. "ಕೆಮಿಕಲ್ ಬೇಡ, ಮನೆಮದ್ದೇ ಸಾಕು" ಎನ್ನುವವರ ಬಟ್ಟಲಲ್ಲೂ ಅದೇ ನಂಬಿಕೆ ಕಲಸಿದೆ. ತೆಂಗಿನಹಾಲಿಗೆ ನಿಂಬೆ ಹಿಂಡಿ, ಜೋಳದ ಪಿಷ್ಟ ಬೆರೆಸಿ, ಬಿಸಿ ಮಾಡಿ ಹಚ್ಚಿದರೆ ಗುಂಗುರು ನೆಟ್ಟಗಾಗುತ್ತದೆ ಎಂಬ ವಿಧಾನ ಪತ್ರಿಕೆಗಳ ಸೌಂದರ್ಯ ಅಂಕಣಗಳಲ್ಲಿ ಬಂದಿದೆ, ಈಗ ಫೋನಿನ ವಿಡಿಯೊಗಳಲ್ಲಿ ಮನೆಮನೆಗೂ ಬರುತ್ತಿದೆ. ಪಾರ್ಲರೂ ಅಡುಗೆಮನೆಯೂ ಜಗಳವಾಡುತ್ತಿರುವುದು ದಾರಿಯ ಬಗ್ಗೆ. ಹೋಗಬೇಕಾದ ಊರು ಇಬ್ಬರಿಗೂ ಒಂದೇ.

ಕೂದಲಿನ ನಿಜಸಂಗತಿಯನ್ನು ಮೊದಲು ನೋಡೋಣ. ಎಳೆ ಸುರುಳಿಯಾಗುವುದು ಹೊರಗೆ ಬಂದ ಮೇಲೆ ಅಲ್ಲ, ಚರ್ಮದ ಒಳಗಿನ ಬುಡದಲ್ಲಿ. ಬುಡದ ಕುಳಿ ಬಾಗಿದ್ದರೆ ಎಳೆಯೂ ಬಾಗಿಯೇ ಬೆಳೆಯುತ್ತದೆ. ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆಟ್ಟನೆಯ ಕೂದಲು ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಗುಂಗುರಿನದು ಚಪ್ಪಟೆಯಾದ ಅಂಡಾಕಾರ. ಕ್ಷೌರದ ಕತ್ತಿ ಓಡುವುದು ಚರ್ಮದ ಮೇಲೆ. ಬುಡದ ಕುಳಿಯನ್ನು ಅದು ಮುಟ್ಟುವುದೇ ಇಲ್ಲ. ಹತ್ತು ಸಲ ಬೋಳಿಸಿದರೂ ಅದೇ ಕುಳಿಯಿಂದ ಅದೇ ಸುರುಳಿ ಹುಟ್ಟುತ್ತದೆ. ಕೆಲವು ಮಕ್ಕಳ ಕೂದಲು ಬೆಳೆಯುತ್ತ ಬೆಳೆಯುತ್ತ ತಾನಾಗಿಯೇ ಬದಲಾಗುವುದುಂಟು. ಆ ಬದಲಾವಣೆಯನ್ನು ನಾವು ಮುಡಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಮುಡಿ ಕೊಡುವುದು ಹರಕೆ, ಭಕ್ತಿ. ಅದರ ಬಗ್ಗೆ ನನಗೆ ಗೌರವವಿದೆ. ಮಾದಪ್ಪನಾಗಲಿ ನಂಜುಂಡೇಶ್ವರನಾಗಲಿ ಮುಡಿ ನೆಟ್ಟಗಿದೆಯೋ ಸುರುಳಿಯಾಗಿದೆಯೋ ಎಂದು ನೋಡಿ ತೆಗೆದುಕೊಂಡದ್ದಿಲ್ಲ. ಆ ಹರಕೆಯನ್ನು ಕೂದಲು ತಿದ್ದುವ ಚಿಕಿತ್ಸೆಯಾಗಿ ಮಾಡಿಕೊಂಡವರು ನಾವು.

ಎಳೆಯ ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನು. ಅದರ ಸರಪಳಿಗಳನ್ನು ಮುಖ್ಯವಾಗಿ ಎರಡು ಬಗೆಯ ಬಂಧಗಳು ಹಿಡಿದಿಟ್ಟಿರುತ್ತವೆ. ಒಂದು, ನೀರು ತಗುಲಿದರೆ ಬಿಟ್ಟುಕೊಂಡು ಒಣಗಿದಾಗ ಮತ್ತೆ ಕೂಡಿಕೊಳ್ಳುವ ದುರ್ಬಲವಾದ ಜಲಜನಕ ಬಂಧ. ಇನ್ನೊಂದು, ಗಂಧಕದ ಬಲವಾದ ಬಂಧ. ತೆಂಗಿನಹಾಲು, ನಿಂಬೆರಸ, ಜೋಳದ ಪಿಷ್ಟ ಯಾವುದಕ್ಕೂ ಈ ಗಂಧಕದ ಬಂಧವನ್ನು ಬಿಡಿಸುವ ಶಕ್ತಿಯಿಲ್ಲ. ಹಚ್ಚಿದಾಗ ನೆಟ್ಟಗಾದಂತೆ ಕಾಣುವುದು ತೇವದ ಭಾರಕ್ಕೆ, ಅಂಟಿನ ಪದರಕ್ಕೆ. ಮುಂದಿನ ಸ್ನಾನಕ್ಕೆ ಎಲ್ಲವೂ ತೊಳೆದುಹೋಗುತ್ತದೆ. ಆಗ ಹುಡುಗಿಗೆ ಸಿಗುವ ಉತ್ತರ, "ನೀನು ಸರಿಯಾಗಿ ಮಾಡಲಿಲ್ಲ, ತಿಂಗಳುಗಟ್ಟಲೆ ಮಾಡಬೇಕು" ಎಂದು. ಸುಳ್ಳು ಚಿಕಿತ್ಸೆಯ ಸೋಲನ್ನು ರೋಗವೇ ಇಲ್ಲದವಳ ತಲೆಗೆ ಕಟ್ಟುವುದು ಹೀಗೆ.

ಗುಂಗುರು ಕೂದಲಿಗೆ ತನ್ನದೇ ಆದ ಒಂದು ಅಗತ್ಯವಿದೆ ಎನ್ನುವುದು ನಿಜ. ನೆತ್ತಿಯ ಚರ್ಮದಿಂದ ಒಸರುವ ಎಣ್ಣೆ ನೆಟ್ಟನೆಯ ಎಳೆಯ ಮೇಲೆ ಸಲೀಸಾಗಿ ತುದಿಯತನಕ ಇಳಿಯುತ್ತದೆ. ಸುರುಳಿಯ ತಿರುವುಗಳಲ್ಲಿ ಅದು ಬುಡದ ಹತ್ತಿರವೇ ನಿಂತುಬಿಡುತ್ತದೆ. ಅದಕ್ಕೇ ಬುಡ ಜಿಡ್ಡು, ತುದಿ ಒಣಗಲು. ಪ್ರತಿ ತಿರುವಿನಲ್ಲೂ ಎಳೆಯ ಹೊರಪದರದ ಸಣ್ಣ ಹೊಪ್ಪಳಿಕೆಗಳು ತುಸು ಎದ್ದಿರುತ್ತವೆ, ಒಂದಕ್ಕೊಂದು ಸಿಕ್ಕುತ್ತವೆ. ಒಣಗಿದಾಗ ಸಣ್ಣ ಹಲ್ಲಿನ ಬಾಚಣಿಗೆ ಎಳೆದರೆ ಕೂದಲೆಳೆಗಳು ಮುರಿಯುತ್ತವೆ. ಇದಕ್ಕೆ ಬೇಕಾದದ್ದು ಮೂರು: ಇದ್ದಬದ್ದ ಎಣ್ಣೆಯನ್ನೆಲ್ಲ ಕಿತ್ತುಕೊಳ್ಳದ ತೊಳೆತ, ಸಿಕ್ಕು ಬಿಡಿಸುವಾಗ ಜಾರಿಕೆ ಕೊಡುವ ಲೋಳೆ, ಒಣಗುವಾಗ ತೇವ ಹಿಡಿದಿಡುವ ತೆಳುವಾದ ಎಣ್ಣೆ. ಗುಂಗುರು ಕೂದಲಿನ ಆರೈಕೆ ಅಂದರೆ ಇಷ್ಟೇ. ಇದರಲ್ಲಿ ನೆಟ್ಟಗೆ ಮಾಡುವ ಮಾತು ಎಲ್ಲೂ ಬರುವುದಿಲ್ಲ.

ಈ ಮೂರನ್ನೂ ನಮ್ಮ ಸೀಮೆಯ ಎಣ್ಣೆಸ್ನಾನ ಬಲ್ಲದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಜ್ಜಿಯ ಸೀಗೆಕಾಯಿ ಎಂದು ಹಾಡಿ ಹೊಗಳುವವರು ಅಜ್ಜಿ ಮಾಡುತ್ತಿದ್ದದ್ದರಲ್ಲಿ ಅರ್ಧವನ್ನು ಮರೆತಿದ್ದಾರೆ.

ಯುಗಾದಿಗೆ, ನರಕ ಚತುರ್ದಶಿಗೆ, ಬಾಣಂತಿ ನೀರಿಗೆ ತಲೆಗೆ ಮೊದಲು ಬೀಳುತ್ತಿದ್ದದ್ದು ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ. ಹಚ್ಚಿದ ಕೂಡಲೇ ಸ್ನಾನವಿಲ್ಲ, ನೆನೆಯಲು ಬಿಡಬೇಕು. ಈ ಕಾಯುವಿಕೆಗೆ ಅರ್ಥವಿತ್ತು ಎಂಬುದನ್ನು ಪ್ರಯೋಗಾಲಯವೂ ಹೇಳಿದೆ. ಮುಂಬೈಯ ಸಂಶೋಧಕರಾದ ರೇಲೆ ಮತ್ತು ಮೋಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಗಣನೀಯವಾಗಿ ತಡೆದದ್ದು ತೆಂಗಿನೆಣ್ಣೆ ಒಂದೇ. ಅದರ ಲಾರಿಕ್ ಆಮ್ಲ ಎಳೆಯೊಳಕ್ಕೆ ಇಳಿಯಬಲ್ಲದು. ಆ ಸಂಶೋಧಕರು ತೆಂಗಿನೆಣ್ಣೆ ಮಾರುವ ಕಂಪನಿಯವರು ಎಂಬುದನ್ನೂ ಓದುಗರು ತಿಳಿದಿರಬೇಕು. ಹರಳೆಣ್ಣೆ ಒಳಕ್ಕೆ ಇಳಿಯುವ ಜಾತಿಯದಲ್ಲ, ಮೇಲೆ ದಪ್ಪಗೆ ಕೂರುತ್ತದೆ. ಒಂದಕ್ಕೆ ನಾಲ್ಕು ಪಾಲು ಕೊಬ್ಬರಿ ಎಣ್ಣೆ ಬೆರೆಸಿದರೆ ಮಾತ್ರ ಹಗುರ.

ಆಮೇಲೆ ಚಿಗರೆ ಪುಡಿ. ಗುಂಡ್ಲುಪೇಟೆ, ಚಾಮರಾಜನಗರದ ಕುರುಚಲು ಕಾಡಿನಲ್ಲಿ, ಹೊಲಗಳ ಬದುವಿನಲ್ಲಿ ಚುಜ್ಜಲು ಮರ ಬೆಳೆಯುತ್ತದೆ; ಸಸ್ಯಶಾಸ್ತ್ರದಲ್ಲಿ ಅಲ್ಬಿಜಿಯಾ ಅಮಾರ. ಅದರ ಸಣ್ಣ ಎಲೆಗಳನ್ನು ನೆರಳಲ್ಲಿ ಒಣಗಿಸಿ ಕುಟ್ಟಿದರೆ ಹಸಿರು ಬಣ್ಣದ ಪುಡಿ. ಗಡಿಯಾಚೆ ತಮಿಳುನಾಡಿನವರು ಇದನ್ನೇ ಅರಪ್ಪು ಎನ್ನುತ್ತಾರೆ. ಸೀಗೆಕಾಯಿಯಷ್ಟು ಖಾರವಲ್ಲ, ಎಣ್ಣೆಯನ್ನು ಮಿತವಾಗಿ ತೆಗೆದು ಕೂದಲನ್ನು ಮೆದುವಾಗಿ ಬಿಡುತ್ತದೆ. ಗುಂಗುರಿಗೆ ಹೇಳಿ ಮಾಡಿಸಿದ ಪುಡಿ ಇದು. ಇವತ್ತು ನಮ್ಮ ಅಂಗಡಿಗಳಲ್ಲಿ ಹತ್ತು ಬಗೆಯ ಶಾಂಪೂ ಪೊಟ್ಟಣಗಳು ತೂಗುತ್ತವೆ, ಚಿಗರೆ ಪುಡಿ ಕೇಳಿದರೆ ಹಳೆಯ ಗ್ರಂಥಿಗೆ ಅಂಗಡಿಗೆ ಹೋಗಬೇಕು.

ಸೀಗೆಯನ್ನಾಗಲಿ ಚಿಗರೆಯನ್ನಾಗಲಿ ಬರಿ ನೀರಿನಲ್ಲಿ ಕಲಸುತ್ತಿರಲಿಲ್ಲ. ಅನ್ನ ಬಸಿದ ಗಂಜಿಯಲ್ಲಿ ಕಲಸುತ್ತಿದ್ದರು. ಗಂಜಿಯ ಪಿಷ್ಟ ಎಳೆಯ ಮೇಲೆ ತೆಳ್ಳಗೆ ಹರಡಿ, ತೊಳೆಯುವಾಗ ಎಳೆಗೆ ಎಳೆ ಉಜ್ಜುವುದನ್ನು ತಡೆಯುತ್ತಿತ್ತು. ಅದರ ಜೊತೆ ದಾಸವಾಳದ ಸೊಪ್ಪು, ಮೆಂತ್ಯ ಅಥವಾ ಲೋಳೆಸರ. ಮಲೆನಾಡಿನವರ ಮತ್ತಿ ಸೊಪ್ಪು, ದಾಸವಾಳದ ಗೊಂಪು, ಗಡಿ ದಾಟಿದರೆ ಕೇರಳದವರ ತಾಳಿ ಎಲ್ಲವೂ ಇದೇ ಕೆಲಸಕ್ಕೆ. ಈ ಲೋಳೆಯೇ ಗುಂಗುರು ಕೂದಲಿಗೆ ಜೀವ. ಲೋಳೆ ಹಚ್ಚಿ, ಕೂದಲು ಒದ್ದೆಯಾಗಿರುವಾಗಲೇ ಬೆರಳಿನಿಂದ, ಮೊದಲು ತುದಿ ಆಮೇಲೆ ಬುಡ ಎಂದು ಸಿಕ್ಕು ಬಿಡಿಸಿದರೆ ಎಳೆ ಮುರಿಯುವುದಿಲ್ಲ. ನೆಟ್ಟನೆಯ ಕೂದಲಿಗೆ ಒಣಗಿದ ಮೇಲೆ ಬಾಚು ಎಂದು ಹೇಳುವ ಬುದ್ಧಿವಾದ ಗುಂಗುರಿಗೆ ತಿರುಗುಮುರುಗು.

ಕಾಲ ಬದಲಾದಾಗ ಇದರಲ್ಲಿ ಉಳಿದದ್ದು ಪುಡಿ ಮಾತ್ರ. ಎಣ್ಣೆ ಹೋಯಿತು, ಕುಕ್ಕರ್ ಬಂದು ಗಂಜಿ ಹೋಯಿತು, ದಾಸವಾಳದ ಗಿಡವಿದ್ದ ಹಿತ್ತಲಿಗೆ ಸಿಮೆಂಟು ಬಿತ್ತು. ಪೊಟ್ಟಣದ ಸೀಗೆಪುಡಿಯನ್ನು ಬರಿ ನೀರಿನಲ್ಲಿ ಕಲಸಿ ಗುಂಗುರು ಕೂದಲಿಗೆ ತಿಕ್ಕಿದರೆ ಏನಾಗುತ್ತದೆ? ತೊಳೆಯುವ ಗುಣವಷ್ಟೇ ಕೆಲಸ ಮಾಡುತ್ತದೆ, ಮೆದು ಮಾಡುವ ಭಾಗ ಇಲ್ಲವೇ ಇಲ್ಲ. ಪುಡಿಯ ಚೂರುಗಳು ಸುರುಳಿಯ ಸಂದಿಗಳಲ್ಲಿ ಸಿಕ್ಕಿ ಹೊರಬರುವುದಿಲ್ಲ. ಕೂದಲು ಇನ್ನಷ್ಟು ಒರಟಾಗುತ್ತದೆ. ಆಗ, "ನೋಡಿದ್ಯಾ, ಸೀಗೆಕಾಯಿ ಹಾಕಿದ್ರೂ ಈ ಕೂದ್ಲು ಬಗ್ಗಲ್ಲ" ಎಂಬ ಮಾತು. ದೂರು ಮತ್ತೆ ಕೂದಲಿನ ಮೇಲೆಯೇ.

ಆದ್ದರಿಂದ ವಿಧಾನವನ್ನೇ ಹೇಳುತ್ತೇನೆ. ಐದಾರು ಸೀಗೆಕಾಯಿಯ ಬೀಜ ತೆಗೆದು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಬೇಕು. ಬೆಳಗ್ಗೆ ಸಣ್ಣ ಉರಿಯಲ್ಲಿ ಕುದಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸುವುದನ್ನು ಬಿಟ್ಟರೆ ಪುಡಿ ತಿಕ್ಕಿದ ಕಷ್ಟವೇ ಮತ್ತೆ. ಎರಡು ಚಮಚ ಮೆಂತ್ಯವನ್ನು ಬೇರೆ ಬಟ್ಟಲಲ್ಲಿ ನೆನೆಹಾಕಿ, ಒಂದು ಹಿಡಿ ಎಳೆಯ ದಾಸವಾಳದ ಸೊಪ್ಪಿನ ಜೊತೆ ರುಬ್ಬಿ, ಅದನ್ನೂ ಹಿಂಡಿ ಸೋಸಬೇಕು. ಸೀಗೆ ನೀರನ್ನು ನೆತ್ತಿಯ ಚರ್ಮಕ್ಕೆ ಮಾತ್ರ ಹಾಕಿ ಬೆರಳ ತುದಿಯಿಂದ ತಿಕ್ಕಬೇಕು. ತುದಿಗಳಿಗೆ ಹರಿದುಹೋಗುವ ನೀರೇ ಸಾಕು. ಕಣ್ಣಿಗೆ ಬಿದ್ದರೆ ಉರಿ, ಸಣ್ಣ ಮಕ್ಕಳಿಗಂತೂ ಎಚ್ಚರ. ಆಮೇಲೆ ಲೋಳೆಯನ್ನು ಧಾರಾಳವಾಗಿ ಉದ್ದಕ್ಕೂ ಹಚ್ಚಿ, ಸಿಕ್ಕು ಬಿಡಿಸಿ, ಕಾಲು ಗಂಟೆ ಬಿಟ್ಟು ತೊಳೆಯುವುದು. ಒರಟು ಟವೆಲಿನಿಂದ ಉಜ್ಜಬಾರದು, ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ತೇವ ತೆಗೆಯಬೇಕು. ಕೊನೆಗೆ ಅಂಗೈಯಲ್ಲಿ ನಾಲ್ಕು ಹನಿ ಎಣ್ಣೆ ಸವರಿ ತುದಿಗಳಿಗೆ ಮುಟ್ಟಿಸಿ ಹಾಗೇ ಆರಲು ಬಿಡುವುದು. ಮೆಂತ್ಯಕ್ಕೆ, ಇನ್ಯಾವುದಕ್ಕೇ ಆಗಲಿ ಕೆಲವರಿಗೆ ಅಲರ್ಜಿ ಇರುವುದರಿಂದ ಮೊದಲ ಸಲ ಮೊಣಕೈ ಒಳಗೆ ಸವರಿ ಒಂದು ದಿನ ಕಾದು ನೋಡುವುದು ಒಳ್ಳೆಯದು.

ಬೇಗೂರಿನ ಕಡೆ ಬೋರ್‌ವೆಲ್ ನೀರು ಗಡಸು. ಸಾಬೂನು ಹಾಕಿದರೆ ನೀರಿನ ಸುಣ್ಣದಂಶದೊಡನೆ ಸೇರಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಸೀಗೆ, ಅಂಟುವಾಳದ ನೊರೆ ಅಂಥ ಗಸಿ ಮಾಡುವುದಿಲ್ಲ. ಸೀಗೆಯ ಕಷಾಯ ತುಸು ಹುಳಿ ಗುಣದ್ದು. ಕೂದಲಿಗೆ ಹಿತವಾಗುವುದೂ ಆ ಹುಳಿಯೇ. ಇಂಥ ನೀರಿನ ಊರಿನಲ್ಲಿ ಸೀಗೆಯ ಸ್ನಾನ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

ಮನೆಯದೆಲ್ಲ ಒಳ್ಳೆಯದು ಎಂಬ ಗುಂಪಿಗೂ ನಾನು ಸೇರಿದವಳಲ್ಲ. ಅಡುಗೆ ಸೋಡದಲ್ಲಿ ತಲೆ ತೊಳೆಯಿರಿ ಎನ್ನುವವರು ಕೂದಲಿನ ಶತ್ರುಗಳು. ಅದು ಕ್ಷಾರ, ಹೊಪ್ಪಳಿಕೆಗಳನ್ನು ಎಬ್ಬಿಸಿ ಸಿಕ್ಕು ಹೆಚ್ಚಿಸುತ್ತದೆ. ನಿಂಬೆರಸವನ್ನು ನೇರವಾಗಿ ಹಿಂಡಿದರೆ ನೆತ್ತಿ ಸುಡುತ್ತದೆ. ಒಂದು ತಂಬಿಗೆ ನೀರಿಗೆ ಒಂದು ಚಮಚ ಎಂಬಷ್ಟು ತೆಳುವಾದರೆ ಸರಿ. ಮೊಟ್ಟೆಯ ಪ್ರೋಟೀನು ದೊಡ್ಡ ಕಣ, ಎಳೆಯೊಳಕ್ಕೆ ಇಳಿಯುವುದಿಲ್ಲ. ಬಿಸಿನೀರು ಬಿದ್ದರೆ ತಲೆಯ ಮೇಲೆಯೇ ಬೇಯುತ್ತದೆ. ಲೋಳೆಗೂ ಮಿತಿಯಿದೆ. ಅಂಗಡಿಯ ಕಂಡಿಷನರಿನಲ್ಲಿ ಧನ ವಿದ್ಯುದಂಶವಿರುವ ಪದಾರ್ಥಗಳಿವೆ, ಅವು ಸವೆದ ಕೂದಲಿನ ಋಣ ವಿದ್ಯುದಂಶಕ್ಕೆ ಅಂಟಿಕೊಂಡು ತೊಳೆದ ಮೇಲೂ ಉಳಿಯುತ್ತವೆ. ದಾಸವಾಳದ ಲೋಳೆಗೆ ಆ ಹಿಡಿತವಿಲ್ಲ, ಪ್ರತಿ ಸ್ನಾನಕ್ಕೂ ಹೊಸದಾಗಿ ಬೇಕು. ಹಿತ್ತಲಿನಲ್ಲಿ ದಾಸವಾಳವಿಲ್ಲದ ಹುಡುಗಿ ಸಾದಾ ಕಂಡಿಷನರ್ ತಂದು ಹಚ್ಚಿಕೊಂಡರೆ ಅದರಲ್ಲಿ ತಪ್ಪಿಲ್ಲ. ಅವಳು ಕೂದಲನ್ನು ಅದರ ಗುಣಕ್ಕೆ ತಕ್ಕಂತೆ ನೋಡಿಕೊಳ್ಳುತ್ತಿದ್ದಾಳೆ. ನನ್ನ ವಾದ ಬಾಟಲಿಯ ಮೇಲಲ್ಲ, ಉದ್ದೇಶದ ಮೇಲೆ.

ಈಗ ಪಾರ್ಲರಿಗೆ ಬರೋಣ. ಅಲ್ಲಿ ಗಂಧಕದ ಬಂಧವನ್ನು ನಿಜವಾಗಿಯೂ ಮುರಿಯುತ್ತಾರೆ. ಥಯೋಗ್ಲೈಕೊಲೇಟ್ ಹಚ್ಚಿ ಬಂಧ ಬಿಡಿಸಿ, ಕಾದ ಇಸ್ತ್ರಿಯಿಂದ ಎಳೆದು, ಇನ್ನೊಂದು ದ್ರಾವಣದಿಂದ ಹೊಸ ಆಕಾರದಲ್ಲಿ ಬಂಧ ಕೂಡಿಸುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರು ತಿಂಗಳಲ್ಲಿ ಬುಡದಿಂದ ನಾಲ್ಕು ಬೆರಳು ಗುಂಗುರು, ಕೆಳಗೆ ಜೀವವಿಲ್ಲದ ನೆಟ್ಟನೆಯ ಎಳೆ. ಎರಡೂ ಕೂಡುವ ಜಾಗದಲ್ಲಿ ಮುರಿತ. ಮತ್ತೆ ಪಾರ್ಲರ್, ಮತ್ತೆ ಸಾವಿರಾರು ರೂಪಾಯಿ. ಚೆಂಡುಹೂ ಬಿಡಿಸಿ ದಿನಗೂಲಿ ತರುವ ಮನೆಯ ಹುಡುಗಿ ಈ ಸಾಲಿನಲ್ಲಿ ನಿಂತಿದ್ದಾಳೆ ಎಂಬುದು ನನ್ನನ್ನು ನಿದ್ದೆಗೆಡಿಸುತ್ತದೆ.

ದುಡ್ಡಿನ ಮಾತಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. 'ಕೆರಾಟಿನ್ ಟ್ರೀಟ್‌ಮೆಂಟ್' ಎಂಬ ಹೆಸರಿನ ಹಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ತೀರ್ಮಾನಿಸಿದೆ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕತೆಯನ್ನು 2024ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫ್ರಾನ್ಸಿನ ವೈದ್ಯರು ಬರೆದರು. 26 ವರ್ಷದ ಆರೋಗ್ಯವಂತ ಹೆಣ್ಣುಮಗಳೊಬ್ಬಳಿಗೆ 2020, 2021, 2022ರಲ್ಲಿ ಮೂರು ಸಲವೂ ಕೂದಲು ನೆಟ್ಟಗೆ ಮಾಡಿಸಿಕೊಂಡ ಬೆನ್ನಿಗೇ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಹಚ್ಚಿದ್ದ ಕ್ರೀಮಿನಲ್ಲಿ ಆ ಆಮ್ಲ ಶೇ. 10ರಷ್ಟಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ 'ಸಿಸ್ಟರ್ ಸ್ಟಡಿ' 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಕೊಟ್ಟ ವರದಿಯ ಪ್ರಕಾರ, 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಕೂದಲು ನೆಟ್ಟಗೆ ಮಾಡುವ ಉತ್ಪನ್ನ ಬಳಸದವರಲ್ಲಿ ಶೇ. 1.64, ಪದೇ ಪದೇ ಬಳಸುವವರಲ್ಲಿ ಶೇ. 4.05. ಇದು ಒಂದರ ಜೊತೆ ಇನ್ನೊಂದು ಕಂಡುಬಂದ ನಂಟು, ಒಂದೇ ಇನ್ನೊಂದಕ್ಕೆ ಕಾರಣ ಎಂದು ಅಧ್ಯಯನ ಸಾಬೀತು ಮಾಡಿಲ್ಲ. ಆದರೂ ಇಲ್ಲದ ರೋಗಕ್ಕೆ ಮದ್ದು ಮಾಡುವಾಗ ಇಷ್ಟು ಅಪಾಯವನ್ನಾದರೂ ಯಾಕೆ ಹೊರಬೇಕು? ಮುಚ್ಚಿದ ಕೋಣೆಯಲ್ಲಿ ದಿನವಿಡೀ ಆ ದ್ರಾವಣಗಳ ಹೊಗೆ ಕುಡಿಯುವ ಪಾರ್ಲರಿನ ಕೆಲಸದ ಹುಡುಗಿಯನ್ನು ಈ ಲೆಕ್ಕದಲ್ಲಿ ಯಾರೂ ಹಿಡಿಯುವುದೇ ಇಲ್ಲ.

ಗುಂಗುರು ಕೂದಲಿನ ಬಗೆಗಿನ ಈ ತಿರಸ್ಕಾರ ಎಲ್ಲಿಂದ ಬಂತು ಎಂದು ಕೇಳಲೇಬೇಕು. ಕೂದಲು ನೆಟ್ಟಗಿದ್ದರೆ ಲಕ್ಷಣ, ಗುಂಗುರಾದರೆ ಅವಲಕ್ಷಣ ಎಂಬುದು ಕಣ್ಣಿನ ಸಹಜ ರುಚಿ ಎಂದು ನಾನು ಒಪ್ಪುವುದಿಲ್ಲ. ಹೆಣ್ಣಿನ ಮುಂಗುರುಳನ್ನು ಕನ್ನಡದ ಕಾವ್ಯ ಹಿಂದಿನಿಂದಲೂ ಮೆಚ್ಚಿಕೊಂಡೇ ಬಂದಿದೆ. ನಮ್ಮಲ್ಲಿ ಗುಂಗುರು ಕೂದಲಿನ ಮಗುವನ್ನು ನೋಡಿ ಮೊದಲು ಬರುವ ಗೇಲಿ ಯಾವುದು ಎಂದು ನೆನಪಿಸಿಕೊಳ್ಳಿ: "ಕಾಡ್ನವರ ಕೂದ್ಲು." ಕಪ್ಪು ಬಣ್ಣ, ಅಗಲ ಮೂಗು, ಗುಂಗುರು ಕೂದಲು ಮೂರನ್ನೂ ಒಟ್ಟಿಗೆ ಕಟ್ಟಿ ಜಾತಿಯ ಏಣಿಯ ಕೆಳಗಿನ ಮೆಟ್ಟಿಲಿಗೆ ತಳ್ಳಿದ್ದು ನಾವು. ಆ ತಿರಸ್ಕಾರಕ್ಕೆ ವಿಜ್ಞಾನದ ವೇಷ ಹಾಕಿದವರು ಬ್ರಿಟಿಷರ ಕಾಲದ ಅಧಿಕಾರಿಗಳು. ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್ ಜನರ ಮೂಗಿನ ಅಗಲ, ತಲೆಯ ಉದ್ದ ಅಳೆಯುತ್ತ ತಿರುಗಿದ. 1909ರಲ್ಲಿ ಕೆ. ರಂಗಾಚಾರಿಯವರೊಡನೆ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ ಕಾಡಿನ ಜನರ ಕೂದಲು ಸುರುಳಿಯೋ ಉಣ್ಣೆಯಂಥದ್ದೋ ಎಂಬ ಚರ್ಚೆಯೂ ಸೇರಿದೆ. ಮನುಷ್ಯರ ಯೋಗ್ಯತೆಯನ್ನು ಎಳೆಯ ಬಾಗಿನಲ್ಲಿ ಓದುವ ಆ ಅಭ್ಯಾಸ ಪುಸ್ತಕದ ಕಪಾಟಿನಲ್ಲಿ ಉಳಿಯಲಿಲ್ಲ. ಹೆಣ್ಣು ನೋಡುವ ಜಗಲಿಯಲ್ಲಿ ಈಗಲೂ ಕೂತಿದೆ.

ಆ 'ಕಾಡ್ನವರು' ಯಾರು? ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಬಂಡೀಪುರದ ಅಂಚಿನ ಹಾಡಿಗಳ ಜೇನುಕುರುಬರು. ಅವರಲ್ಲಿ ಹಲವರ ಕೂದಲು ಗುಂಗುರು. ನಾಡಿನವರ ತಲೆಗೆ ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ ತಂದುಕೊಟ್ಟವರೂ ಅವರೇ. ಮುಳ್ಳಿನ ಬಳ್ಳಿಯಿಂದ ಸೀಗೆಕಾಯಿ ಬಿಡಿಸಿ, ಒಣಗಿಸಿ, ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಹಾಕಿ ಬದುಕು ಕಟ್ಟಿಕೊಂಡವರು. ವನ್ಯಜೀವಿ ಕಾನೂನಿನ ತಿದ್ದುಪಡಿಯ ಹೆಸರಿನಲ್ಲಿ 2006ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕೆಂದು ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನು ನಿಲ್ಲಿಸಲಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು ದೊಡ್ಡ ಗೆಲುವು. ಅವರು ಆಯ್ದ ಸೀಗೆಕಾಯಿ ನಮಗೆ ಬೇಕು, ಅವರ ತಲೆಯಲ್ಲಿರುವ ಕೂದಲು ನಮ್ಮ ಮಗಳಿಗೆ ಬೇಡ. ಪೊಟ್ಟಣದ ಮೇಲೆ ಸೀಗೆಯ ಚಿತ್ರದ ಪಕ್ಕ ಸೊಂಟದವರೆಗೆ ನೆಟ್ಟಗೆ ಇಳಿದ ಕೂದಲಿನ ಬಿಳಿ ಹೆಣ್ಣಿನ ಚಿತ್ರ. ಸೀಗೆ ಬಿಡಿಸಿದ ಸೋಲಿಗರ ಹುಡುಗಿ ಆ ಪೊಟ್ಟಣದ ಮೇಲೆ ಯಾವತ್ತೂ ಬಂದಿಲ್ಲ.

ನನ್ನ ಮಾತಿಗೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ನೆಟ್ಟಗೆ ಮಾಡಿಸಿಕೊಳ್ಳುವುದು ಹುಡುಗಿಯ ಇಷ್ಟ, ಅದನ್ನು ಬೇಡವೆನ್ನಲು ನೀವು ಯಾರು ಎಂಬುದು. ತಿಳಿದು, ಬೇಕೆಂದು, ಮಾಡಿಸಿಕೊಂಡವಳನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ಆದರೆ ಎರಡು ವರ್ಷದಿಂದ ಇಪ್ಪತ್ತು ವರ್ಷದವರೆಗೆ ಗುಬ್ಬಿಗೂಡು ಎಂದು ಕರೆಸಿಕೊಂಡು, ತಾಯಿಯ ಬೈಗುಳ ತಿಂದು, ಗಂಡಿನ ಕಡೆಯವರ ಅರ್ಧ ಮಾತು ಕೇಳಿಸಿಕೊಂಡ ಮೇಲೆ ಹುಟ್ಟುವ ಇಷ್ಟವನ್ನು ಅವಳದ್ದೇ ಎಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಇನ್ನೊಂದು ಬಗೆಯ ಕೂದಲಿಗೂ ಮರ್ಯಾದೆಯಿರುವ ಊರಿನಲ್ಲಿ ಬೆಳೆದು ಆಮೇಲೆ ಅವಳು ಆರಿಸಿಕೊಳ್ಳಲಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಸೀಗೆ ನೆನೆಹಾಕಿ, ಸೊಪ್ಪು ರುಬ್ಬಿ, ಸೋಸಿ ಕೂರಲು ಯಾರಿಗೆ ಪುರುಸೊತ್ತು? ಬೆಳಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಅರಿಶಿನದ ಹೊಲದ ಕಳೆಗೆ ಓಡುವ ತಾಯಿಗೆ ಇದನ್ನು ಹೇಳುವುದು ಅನ್ಯಾಯವಲ್ಲವೇ? ಇದು ನಿಜವಾದ ಕಷ್ಟ, ಇದನ್ನು ಹಗುರವಾಗಿ ತಳ್ಳುವವರ ಜೊತೆ ನಾನಿಲ್ಲ. ಆದರೆ ಈಗ ಆ ತಾಯಿ ಕಳೆಯುತ್ತಿರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿದಿನ ಬೆಳಗ್ಗೆ ಒಣಗಿದ ಗುಂಗುರನ್ನು ಬಾಚಣಿಗೆಯಿಂದ ಎಳೆದು, ಅಳುವ ಮಗುವನ್ನು ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದು ಜಡೆ ಹೆಣೆಯುವ ಹೊತ್ತದು. ಎಣ್ಣೆ, ಸೀಗೆ, ಲೋಳೆ ಮೂರೂ ಸೇರಿದ ಸ್ನಾನ ವಾರಕ್ಕೊಂದು ಸಲ ಸಾಕು. ಮಿಕ್ಕ ದಿನ ಕೈಗೆ ನೀರು ಮುಟ್ಟಿಸಿಕೊಂಡು ಬೆರಳಾಡಿಸಿದರೆ ಜಡೆ ಕೂರುತ್ತದೆ. ಸೀಗೆ ಕುದಿಸುವ ಕೆಲಸ ಮನೆಯ ಗಂಡಸರಿಗೂ ಬರುತ್ತದೆ. ಸೀಗೆಕಾಯಿಗೆ ಅವರ ಕೈ ಆಗದು ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಶಾಲೆಗಳಿಂದಲೇ ಒಂದು ಕೆಲಸ ಶುರುವಾಗಬಹುದು. ನಮ್ಮ ತಾಲ್ಲೂಕಿನ ಎಷ್ಟೋ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಬಿಗಿದು, ರಿಬ್ಬನ್ ಕಟ್ಟಿ ಬರಬೇಕೆಂಬ ಕಟ್ಟಳೆ ಇದೆ. ಕೂದಲು ಕಟ್ಟಿರಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ, ಹೇನಿನ ಕಾಲದಲ್ಲಿ ಅದು ಬೇಕು. ಆದರೆ ಬಿಗಿ ಜಡೆ ವರ್ಷಗಟ್ಟಲೆ ಎಳೆದರೆ ಹಣೆಯಂಚಿನ, ಕಿವಿಯ ಮೇಲಿನ ಕೂದಲು ಬುಡಸಮೇತ ಹೋಗುತ್ತದೆ. ಚರ್ಮದ ವೈದ್ಯರಿಗೆ ಇದು ಹಳೆಯ ಪರಿಚಯದ ತೊಂದರೆ, ತಡವಾದರೆ ಆ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಬಾಚಿ ಚಪ್ಪಟೆ ಮಾಡಿಲ್ಲವೆಂದು ಗುಂಗುರು ಕೂದಲಿನ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುವುದನ್ನು ಮೊದಲು ಬಿಡಬೇಕು. ಕಟ್ಟಿದ ಕೂದಲು ಸಡಿಲವಾಗಿರಲಿ, ಒಂದೇ ಜಡೆಯಿರಲಿ, ಜುಟ್ಟಿರಲಿ, ಮುಂಗುರುಳು ಹಣೆಗೆ ಬಿದ್ದಿರಲಿ, ಶಾಲೆ ಅದನ್ನು ಅಶಿಸ್ತು ಎಂದು ಬರೆಯಬಾರದು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದನ್ನು ಎತ್ತಲು ಒಬ್ಬ ತಾಯಿ ಸಾಕು. ಇದಕ್ಕೆ ಸರ್ಕಾರದ ಆದೇಶ ಬರಬೇಕಾಗಿಲ್ಲ, ಒಬ್ಬ ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ಬರುವ ಸೋಮವಾರದಿಂದಲೇ ಆಗುತ್ತದೆ.